ಬಿಸಿಲು ಹುಡುಕಿಕೊಂಡು ಹೋದ ಟ್ರಾಲಿ

ನಾನು ಒಂದು ಸ್ಟೀಲ್ ಟ್ರಾಲಿ. ಪೀಣ್ಯದ ಒಂದು ಶೆಡ್ಡಿನಲ್ಲಿ, ವೆಲ್ಡಿಂಗ್ ಕಿಡಿಗಳ ನಡುವೆ ಹುಟ್ಟಿದೆ. ಎರಡು ಅಂತಸ್ತು, ನಾಲ್ಕು ರಬ್ಬರ್ ಗಾಲಿ. ಗಾಲಿ ಇದ್ದವರಿಗೆ ನಿಂತಲ್ಲಿ ನಿಲ್ಲುವುದು ಆಗಿಬರುವುದಿಲ್ಲ. ನೆಲ ಕೂದಲೆಳೆಯಷ್ಟು ಇಳಿಜಾರಾಗಿದ್ದರೂ ನಾನು ಹೊರಟುಬಿಡುತ್ತಿದ್ದೆ.

ನನ್ನನ್ನು ಮೊದಲು ಕೊಂಡವರು ಬೆಂಗಳೂರಿನ ನಡುಮಧ್ಯದ ಒಂದು ದೊಡ್ಡ ಹೋಟೆಲಿನವರು. ಅಲ್ಲಿ ಭಾನುವಾರ ಹನ್ನೊಂದರಿಂದ ಮೂರು ಗಂಟೆಯವರೆಗೆ ಬ್ರಂಚ್. ತಿಂಡಿಯ ಹೊತ್ತು ಮೀರಿ ಎದ್ದವರು, ಊಟದವರೆಗೆ ತಡೆಯಲಾರದವರು ಎಲ್ಲ ಅಲ್ಲಿ ಸೇರುತ್ತಿದ್ದರು. ನನಗೆ ಅವರ ಮುಖಕ್ಕಿಂತ ಕಾಲೇ ಹೆಚ್ಚು ಕಾಣುತ್ತಿತ್ತು. ಹಸಿದವರ ಕಾಲು ಮೇಜಿನ ಕೆಳಗೆ ಸುಮ್ಮನಿರುವುದಿಲ್ಲ.

ನನ್ನ ಮೇಲೆ ಬರುತ್ತಿದ್ದದ್ದು ಸನ್ನ. ಅಕ್ಕಿ ಹಿಟ್ಟನ್ನು ಹುಳಿ ಬರಿಸಿ, ಬಟ್ಟಲಲ್ಲಿ ಹೊಯ್ದು, ಹಬೆಯಲ್ಲಿ ಬೇಯಿಸಿದ್ದು. ಇಡ್ಲಿಗಿಂತ ಹಗುರ, ತುಸು ಸಿಹಿ. ಆರಿದರೆ ರುಚಿ ಹೋಯಿತು. ಅದಕ್ಕೇ ಬಿಸಿಯಿರುವಾಗಲೇ ಮೇಜಿಂದ ಮೇಜಿಗೆ ನನ್ನನ್ನು ಓಡಿಸುತ್ತಿದ್ದರು. ಮಾಡುತ್ತಿದ್ದವರು ಐರಿನ್‌ಬಾಯಿ. ಮಂಗಳೂರು ಕಡೆಯ ಕಿನ್ನಿಗೋಳಿಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಈ ಅಡುಗೆಮನೆ ಸೇರಿದವರು. ಅವರು ಹೊರಗಿನ ಹಾಲಿಗೆ ಬರುತ್ತಿರಲಿಲ್ಲ. ತಿಂದವರಿಗೂ ಅವರ ಹೆಸರು ಗೊತ್ತಿರಲಿಲ್ಲ.

ಒಂದು ಭಾನುವಾರ ನನ್ನನ್ನು ತಳ್ಳುವವನು ರಜೆ ಹಾಕಿದ್ದ. ಐರಿನ್‌ಬಾಯಿಯೇ ಏಪ್ರನ್ ಸರಿಮಾಡಿಕೊಂಡು ತಳ್ಳಿಕೊಂಡು ಬಂದರು. ಕಿಟಕಿಯ ಪಕ್ಕದ ಮೇಜಿನಲ್ಲಿ ವೈಜಯಂತಿ ಕೂತಿದ್ದರು. ಊರಿನಲ್ಲಿ ಭಾನುವಾರ ಎಲ್ಲಿ ಏನು ತಿನ್ನಬೇಕೆಂದು ವಾರವಾರವೂ ಪತ್ರಿಕೆಗೆ ಬರೆಯುತ್ತಿದ್ದವರು. ನಾಲ್ಕು ಸನ್ನ ತಿಂದು, ಐದನೆಯದನ್ನು ಕೈಯಲ್ಲಿ ಹಿಡಿದು, ಇದು ಯಾರ ಕೈಯಡುಗೆ ಎಂದು ಮೇಜಿನ ಬಳಿ ನಿಂತಿದ್ದ ದೊಡ್ಡ ಶೆಫ್ ಅನ್ನು ಕೇಳಿದರು.

"ನನ್ನದೇ ಮೇಡಂ," ಎಂದರು ಶೆಫ್. "ಹಿಟ್ಟಿನ ಹದ ಕಂಡುಹಿಡಿಯೋಕೆ ಎರಡು ವರ್ಷ ಬೇಕಾಯ್ತು."

ನನ್ನ ಹಿಡಿಯ ಮೇಲಿದ್ದ ಐರಿನ್‌ಬಾಯಿಯ ಬೆರಳು ಬಿಗಿಯಾಯಿತು. ಆ ದಿನವೆಲ್ಲ ನನ್ನನ್ನು ಎಂದಿಗಿಂತ ಜೋರಾಗಿ ತಳ್ಳಿದರು. ಎರಡು ಸಲ ಬಾಗಿಲಿಗೆ ತಾಗಿಸಿದರು. ಮುಂದಿನ ವಾರ ಪತ್ರಿಕೆಯಲ್ಲಿ ಶೆಫ್ ಫೋಟೋ ಬಂತು. ಅದರ ಮಾರನೆಯ ದಿನ ಐರಿನ್‌ಬಾಯಿ ಮ್ಯಾನೇಜರ ಎದುರು ನಿಂತು ಕೆಲಸ ಬಿಡುತ್ತೇನೆಂದರು. ಹೋಗುವಾಗ ಈ ಟ್ರಾಲಿ ಕೊಡಬಹುದೇ ಎಂದೂ ಕೇಳಿದರು. ಅಷ್ಟರಲ್ಲಿ ನನ್ನ ಮೈ ನೆಗ್ಗಿತ್ತು, ಒಂದು ಗಾಲಿ ಸವೆದಿತ್ತು. ಮ್ಯಾನೇಜರು ಬೇಡವೆನ್ನಲಿಲ್ಲ.

ಹಾಗೆ ನಾನು ಲಿಂಗರಾಜಪುರಕ್ಕೆ ಬಂದೆ. ಚಿಕ್ಕ ಮನೆ, ಮುಂದೆ ಕಾರಿಲ್ಲದ ಕಾರ್ ಶೆಡ್ಡು. ವಾರವಿಡೀ ಈರುಳ್ಳಿ ಬುಟ್ಟಿ ಹೊತ್ತು ಮೂಲೆಯಲ್ಲಿ ನಿಲ್ಲುವುದು ನನಗೆ ಶಿಕ್ಷೆಯಾಗಿತ್ತು. ಐರಿನ್‌ಬಾಯಿಗೂ ಹಾಗೆಯೇ. ಕೂರುವರು, ಏಳುವರು, ಒರೆಸಿದ್ದನ್ನೇ ಒರೆಸುವರು. ಕೊನೆಗೊಂದು ಭಾನುವಾರ ಶೆಡ್ಡಿನಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರಿಗೆ ಸನ್ನ, ಜೊತೆಗೆ ಖಾರ ಮಸಾಲೆಯ ಕೋಳಿ ಬಾಫತ್. ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಸೆಲ್ವಿ ಬಡಿಸಲು ಬಂದಳು. ಆರು ಕುರ್ಚಿ ಹದಿನೆಂಟಾಯಿತು.

ವೈಜಯಂತಿಗೆ ಯಾರೋ ನಿಜ ಹೇಳಿದ್ದರು. ಬಂದು ತಿಂದು, ತಾನು ಹಿಂದೆ ಬರೆದದ್ದು ತಪ್ಪೆಂದು ಪತ್ರಿಕೆಯಲ್ಲೇ ಬರೆದರು. ಈ ಸಲ ಐರಿನ್‌ಬಾಯಿಯ ಹೆಸರು, ಬೀದಿ ಎಲ್ಲ ಹಾಕಿದರು.

ಅದರ ಮರುದಿನವೇ ಭಾನುವಾರ, ಡಿಸೆಂಬರಿನ ಚಳಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿಯೇ ಇರಲಿಲ್ಲ. ರಾತ್ರಿ ಹೇಗೆ ಇಟ್ಟಿದ್ದರೋ ಹಾಗೇ ಮಲಗಿತ್ತು. ಹತ್ತೂವರೆಗೆ ಗೇಟಿನ ಹೊರಗೆ ನಲವತ್ತು ಜನ. ಐರಿನ್‌ಬಾಯಿ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗುತ್ತಿದ್ದರು.

ಒಂದು ಚಿಟಿಕೆ ಸೋಡಾ ಹಾಕಿದರೆ ಆಯಿತು, ಯಾರಿಗೂ ತಿಳಿಯುವುದಿಲ್ಲ ಎಂದಳು ಸೆಲ್ವಿ.

"ನನ್ನ ಹೆಸರು ಯಾರಿಗೂ ಗೊತ್ತಿಲ್ಲದಾಗ ಹಾಕಲಿಲ್ಲ ಮಾರಾಯ್ತಿ," ಎಂದರು ಐರಿನ್‌ಬಾಯಿ. "ಈಗ ಪೇಪರಿನಲ್ಲಿ ಹೆಸರು ಉಂಟು. ಈಗ ಹಾಕುವುದಾ?"

ಹೊರಗೆ ಹೋಗಿ ಎಲ್ಲರಿಗೂ ಇದ್ದದ್ದನ್ನು ಹೇಳಿದರು. ಹಿಟ್ಟು ಎದ್ದಿಲ್ಲ, ಮಧ್ಯಾಹ್ನ ಒಂದಾದರೂ ಆದೀತು, ಕಾಯುವವರಿಗೆ ಕಾಫಿ ಉಂಟು ಎಂದರು. ಅರ್ಧ ಜನ ಹೊರಟುಹೋದರು. ಐರಿನ್‌ಬಾಯಿ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ, ನನ್ನ ಮೇಲಿಟ್ಟು, ಬೀದಿಯ ಬಿಸಿಲಿಗೆ ತಳ್ಳಿದರು.

ಎದುರು ಮನೆಯ ನೆರಳು ಬಿದ್ದಾಗ ನನ್ನನ್ನು ಎರಡು ಮಾರು ಆಚೆ ಸರಿಸಿದರು. ಅಲ್ಲಿಗೆ ಹೊಂಗೆ ಮರದ ನೆರಳು ಬಂತು. ಮತ್ತೆ ಸರಿಸಿದರು. ಆಮೇಲೆ ಕಾಯುತ್ತಿದ್ದವರೇ ಕಾಫಿ ಲೋಟ ಕೆಳಗಿಟ್ಟು ನನ್ನನ್ನು ತಳ್ಳತೊಡಗಿದರು. ಕಾಯಲು ಉಳಿದವರಲ್ಲಿ ವೈಜಯಂತಿಯೂ ಇದ್ದರು, ಒಮ್ಮೆ ಅವರೂ ತಳ್ಳಿದರು. ಎಂಥೆಂಥ ನುಣುಪು ನೆಲದ ಮೇಲೆ ಓಡಿದವನು ನಾನು, ಆದರೂ ಆ ಗುಂಡಿ ಬಿದ್ದ ಬೀದಿಯಲ್ಲಿ ಹೆದರಿದಷ್ಟು ಎಲ್ಲಿಯೂ ಹೆದರಿರಲಿಲ್ಲ. ಒಂದು ಗಾಲಿ ಜಾರಿದರೆ ಎಲ್ಲ ಮುಗಿಯುತ್ತಿತ್ತು. ಒಂದೂಕಾಲಿಗೆ ಪಾತ್ರೆಯ ಮುಚ್ಚಳ ತಾನಾಗಿ ತುಸು ಮೇಲೆದ್ದಿತು. ಐರಿನ್‌ಬಾಯಿ ಅದರ ಮೇಲೆ ಕೈಯಿಟ್ಟು, ಬೀದಿಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡರು. ಅಂದು ಇಪ್ಪತ್ತು ಜನ ಮೂರು ಗಂಟೆಯವರೆಗೆ ತಿಂದರು.

ಅಲ್ಲಿಂದ ಹನ್ನೊಂದು ವರ್ಷ ನನಗೆ ಬಿಡುವಿರಲಿಲ್ಲ. ನಂತರ ಐರಿನ್‌ಬಾಯಿಯ ಮಂಡಿ ಸೋತವು. ಒಲೆಯ ಕೆಲಸ ಸೆಲ್ವಿ ವಹಿಸಿಕೊಂಡಳು. ನನ್ನ ತಟ್ಟೆಯೂ ತೂತು ಬಿದ್ದಿತ್ತು, ಸನ್ನ ಹೊರಲು ಹೊಸ ಟ್ರಾಲಿ ಬಂತು. ನಾನು ಗುಜರಿಗೆ ಹೋಗಬೇಕಿತ್ತು. ಆದರೆ ಐರಿನ್‌ಬಾಯಿ ವಾಕರ್ ಬೇಡವೆಂದು ಹಟ ಹಿಡಿದು, ನನ್ನ ಹಿಡಿ ಹಿಡಿದುಕೊಂಡೇ ಮನೆಯೊಳಗೆ ಓಡಾಡತೊಡಗಿದರು. ಮೊದಲು ಅವರು ನನ್ನನ್ನು ತಳ್ಳುತ್ತಿದ್ದರು. ಈಗ ಅವರ ಭಾರ ನನ್ನ ಮೇಲೆ. ಓಡಲೇ ಹುಟ್ಟಿದವನು, ಅವರು ಬೀಳಬಾರದೆಂದು ನಿಧಾನ ಕಲಿತೆ.

ಕಳೆದ ಭಾನುವಾರವೂ ಅವರು ಒಳಗೆ ಕೂರಲಾರದೆ, ನನ್ನನ್ನು ಹಿಡಿದು ಶೆಡ್ಡಿಗೆ ಬಂದರು. ಒಂದೊಂದೇ ಮೇಜಿಗೆ ಹೋಗಿ ಇನ್ನೊಂದು ಹಾಕಲಾ ಎಂದು ಕೇಳಿದರು. ಸೆಲ್ವಿ ನೋಡಿ ನೋಡಿ, ಅವರ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಎದುರಿಗೆ ಹಬೆಯಾಡುವ ಎರಡು ಸನ್ನ ಇಟ್ಟಳು.

ಇಷ್ಟು ವರ್ಷ ಭಾನುವಾರ ಎಲ್ಲರಿಗೂ ಬಡಿಸಿ, ನಾಲ್ಕು ಗಂಟೆಗೆ ಆರಿದ್ದನ್ನೇ ತಿಂದವರು ಅವರು. ಮೊದಲ ತುತ್ತಿಗೆ ನಾಲಿಗೆ ಸುಟ್ಟುಕೊಂಡರು.

"ಉಪ್ಪು ಒಂದು ಕಲ್ಲು ಕಮ್ಮಿ ಆಯ್ತು," ಎಂದರು. ಎರಡನ್ನೂ ಮುಗಿಸಿ, ನನ್ನ ಹಿಡಿಯ ಮೇಲಿದ್ದ ಕೈ ತೆಗೆದು ತಟ್ಟೆ ಮುಂದೆ ಚಾಚಿದರು. "ಇನ್ನೊಂದು ಹಾಕು ಸೆಲ್ವಿ."

ನಾನು ಅಲ್ಲೇ ಅವರ ಪಕ್ಕದಲ್ಲಿ ನಿಂತಿದ್ದೆ. ಶೆಡ್ಡಿನ ನೆಲ ಗೇಟಿನ ಕಡೆಗೆ ಇಳಿಜಾರು. ನಾನು ಹೊರಡಲಿಲ್ಲ.