ಹಸಿರು ಬಣ್ಣದ ಅಡಿಯಲ್ಲಿ

ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೋಡಕ್ಕ ಎಂದೇ. ಕಾಸ್ಟಿಕ್ ಸೋಡಾ ಕುದಿಯುವ ತೊಟ್ಟಿಯ ಪಕ್ಕ ಹನ್ನೆರಡು ವರ್ಷ ನಿಂತವಳಿಗೆ ಇನ್ಯಾವ ಹೆಸರು ಬಿದ್ದೀತು? ಹಳೆಯ ಯಂತ್ರಗಳು ಬರುತ್ತವೆ, ಬಿಚ್ಚಿ ಗುಡ್ಡೆ ಹಾಕುತ್ತಾರೆ. ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆಯುವುದು, ತೊಟ್ಟಿಗಿಳಿಸಿ ಬಣ್ಣ ಕಳಚುವುದು, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜುವುದು, ಇಷ್ಟೂ ಅವಳ ಪಾಲು. ಬಿಸಿ ಸೋಡಾದಲ್ಲಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುವುದನ್ನು ನೋಡುವುದೆಂದರೆ ಅವಳಿಗೆ ಇವತ್ತಿಗೂ ಖುಷಿ.

"ಅಂಗಿ ಬಿಚ್ಚೋಳು ನೀನು, ತೊಡಿಸೋನು ನಾನು," ಎಂದು ಪೇಂಟರು ದಿನಕ್ಕೊಮ್ಮೆಯಾದರೂ ರೇಗಿಸುತ್ತಿದ್ದ. "ಮಧ್ಯದಲ್ಲಿ ನೋಡೋ ಭಾಗ್ಯ ಮಾತ್ರ ನಿಂದೇ ಅಕ್ಕ."

"ನೋಡಿ ನೋಡಿ ಸಾಕಾಗಿದೆ ಕಣಯ್ಯ. ಯಾವುದರ ಮೈ ನೋಡಿದ್ರೂ ಗಾಯಾನೇ."

ಕೆಲಸ ಕಲಿಸಿದವನು ಅವಳ ಒಡಹುಟ್ಟಿದ ಅಣ್ಣ, ವರ್ಕ್‌ಶಾಪಿನ ಯಜಮಾನ. ಎರಕದ ಕಬ್ಬಿಣದಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆಯಬೇಕು, ಆಗ ಬಿರುಕು ಮುಂದಕ್ಕೆ ಓಡುವುದಿಲ್ಲ ಎಂದು ತೋರಿಸಿಕೊಟ್ಟವನು ಅವನೇ. ಹಸಿರು ಬಣ್ಣಕ್ಕೆ ಚಿಟಿಕೆ ಕಪ್ಪು ಬೆರೆಸಿ ಅವನು ಮಾಡುತ್ತಿದ್ದ ಕೆಸುವಿನೆಲೆಯಂಥ ಬಣ್ಣ ಬೇರೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಅಣ್ಣನ ಮಾತೆಂದರೆ ಅವಳಿಗೆ ಕಲ್ಲಿನಲ್ಲಿ ಕೊರೆದ ಹಾಗೆ.

ಅಂಥ ಒಂದು ಮಾತನ್ನು ನಂಬಿಯೇ ಅವಳು ಒಂಬತ್ತು ವರ್ಷ ಸಂಸಾರ ಮಾಡಿದ್ದಳು. ಡಬ್ಬಿ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಅವಳ ಗಂಡನ ಬಲಗೈಯ ಮೂರು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಪ್ರೆಸ್ಸು, ಅವಳು ಕೆಲಸಕ್ಕೆ ಸೇರುವ ಮೊದಲು, ಇದೇ ವರ್ಕ್‌ಶಾಪಿನಿಂದ ರಿಪೇರಿಯಾಗಿ ಹೋದದ್ದು. "ಪೆಡಲ್ ಒಂದೇ ಸಲ ತುಳಿದೆ, ಅದು ಎರಡು ಸಲ ಇಳೀತು," ಎಂದು ಗಂಡ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದ್ದ. ಅಣ್ಣ ಕಾರ್ಖಾನೆಗೆ ಹೋಗಿ ಪ್ರೆಸ್ಸು ನೋಡಿ ಬಂದು, ತಲೆ ಅಲ್ಲಾಡಿಸಿದ್ದ. "ಯಂತ್ರ ಗುಂಡುಕಲ್ಲಿನ ಹಾಗಿದೆ ತಂಗಿ. ಭಾವ ಯಾರ ಹತ್ರಾನೋ ಹರಟೆ ಹೊಡೀತಾ ಎರಡು ಸಲ ತುಳಿದಿರ್ತಾರೆ. ದೂರು ಗೀರು ಅಂತ ಹೋಗ್ಬೇಡ, ನಗೆಪಾಟಲಾಗುತ್ತೆ."

ಅವಳು ಬರೆದಿಟ್ಟಿದ್ದ ದೂರನ್ನು ಹರಿದು ಹಾಕಿದಳು. ಅದರಲ್ಲಿ ನಾಲ್ಕು ಕಡೆ ಬರೆದಿದ್ದ ಪ್ರೆಸ್ಸಿನ ನಂಬರು ಮಾತ್ರ ತಲೆಯಲ್ಲೇ ಉಳಿಯಿತು. ಆಮೇಲೆ ಗಂಡ ಎಡಗೈಯಲ್ಲಿ ಲೋಟ ಜಾರಿಸಿದರೂ ಸಾಕು, "ಮೈಮೇಲೆ ಎಚ್ಚರ ಇದ್ರೆ ತಾನೆ!" ಎನ್ನುತ್ತಿದ್ದಳು. ಮೊದಲ ವರ್ಷ ಅವನು ಜಗಳಕ್ಕೆ ಬಂದ. ಎರಡನೇ ವರ್ಷ ಸುಮ್ಮನಾದ. ತಪ್ಪು ಒಪ್ಪಿಕೊಂಡ ಎಂದುಕೊಂಡಳು ಅವಳು.

ಸೋಮವಾರ ಲಾರಿಯಲ್ಲಿ ಒಂದು ಬೂದು ಪ್ರೆಸ್ಸು ಬಂತು. ಅಣ್ಣ ಯಾವುದೋ ಗಿರಾಕಿಯನ್ನು ನೋಡಲು ಹೋಗಿದ್ದ. ಬಿಚ್ಚಿದ ಭಾಗಗಳನ್ನು ಅವಳು ಒಂದೊಂದಾಗಿ ತೊಟ್ಟಿಗೆ ಇಳಿಸಿದಳು. ಕ್ಲಚ್ಚಿನ ಕೊಂಡಿಯನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟು ಮೊದಲು ಮೇಲೆ ಬಂತು. ಬೂದು ಬಣ್ಣ ಹೋಗಿತ್ತು, ಕೆಳಗೆ ಕೆಸುವಿನೆಲೆಯ ಹಸಿರು.

"ಅರೆ, ನಮ್ಮನೆ ಮಗಳೇ ಗಂಡನ ಮನೆಯಿಂದ ವಾಪಸ್ ಬಂದಿದ್ದಾಳೆ," ಎಂದ ಪೇಂಟರು.

ನಗುತ್ತಲೇ ಅದನ್ನು ಮತ್ತೆ ಮುಳುಗಿಸಿ, ಅರ್ಧ ಗಂಟೆ ಬಿಟ್ಟು ತೆಗೆದಳು. ಬ್ರಷ್ಷು ಆಡಿಸುತ್ತಿದ್ದಂತೆ ಕಬ್ಬಿಣದಲ್ಲಿ ಅಚ್ಚೊತ್ತಿದ್ದ ಪ್ರೆಸ್ಸಿನ ನಂಬರು ಕಾಣಿಸಿತು. ನಾನೂರ ಹದಿನೇಳು. ಅವಳ ನಗು ಅಲ್ಲೇ ನಿಂತಿತು. ಇನ್ನಷ್ಟು ಉಜ್ಜಿದಳು. ಮೂಲೆಯಲ್ಲಿ ಮೆತ್ತಿದ್ದ ಪುಟ್ಟಿ ನೆನೆದು ಮೆತ್ತಗಾಗಿ ಉದುರಿತು. ಅದರಡಿ ಕೂದಲಿಗಿಂತ ತುಸು ದಪ್ಪನೆಯ ಬಿರುಕು, ನಾಲ್ಕು ಬೆರಳಗಲ. ಬಿರುಕಿನ ಎರಡು ತುದಿಗೂ ಒಂದೊಂದು ಸಣ್ಣ ತೂತು.

ಬಿರುಕು ತಾನಾಗಿ ಬಂದೀತು. ತೂತು ತಾನಾಗಿ ಬರುವುದಿಲ್ಲ, ಅದರಲ್ಲೂ ಅಣ್ಣನ ಹಸಿರಿನ ಅಡಿಯಲ್ಲಿ. ಯಂತ್ರ ಅದುರುವಾಗ ಬಿರುಕು ಬಾಯಿಬಿಟ್ಟರೆ ಕೊಂಡಿ ಕಚ್ಚುವುದಿಲ್ಲ, ಪೆಡಲ್ ತುಳಿಯದೆಯೇ ಪ್ರೆಸ್ಸು ಎರಡನೇ ಸಲ ಇಳಿಯುತ್ತದೆ. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಧ್ಯಾಹ್ನ ಅಣ್ಣ ಬಂದಾಗ ಅವಳು ಬ್ರಾಕೆಟ್ಟನ್ನು ಅವನ ಮೇಜಿನ ಮೇಲಿಟ್ಟಳು.

"ಇದೇನಣ್ಣ?"

ಅವನು ನೋಡಿದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. "ಆಗ ಬೇರೆ ಎರಕ ಹೊಯ್ಸೋಕೆ ಟೈಮ್ ಇರ್ಲಿಲ್ಲ ತಂಗಿ. ತೂತು ಹೊಡೆದಿದ್ದೆ, ತಡ್ಕೊಳ್ಳುತ್ತೆ ಅಂದ್ಕೊಂಡೆ."

"ಅವರ ಕೈ ಹೋದ್ಮೇಲೂ ಹೋಗಿ ನೋಡ್ಕೊಂಡು ಬಂದ್ಯಲ್ಲ. ಬಂದು ನನ್ನೆದುರಿಗೆ ಏನಂದೆ?"

"ನಿಜ ಹೇಳಿದ್ರೆ ಹೋದ ಬೆರಳು ವಾಪಸ್ ಬರ್ತಿತ್ತಾ? ವರ್ಕ್‌ಶಾಪ್ ಮುಚ್ಚಿದ್ರೆ ನಿನ್ನನ್ನ ಯಾರು ಸಾಕ್ತಿದ್ರು? ನಿಂಗೋಸ್ಕರಾನೂ ಸೇರಿಸಿ ಬಾಯಿ ಮುಚ್ಕೊಂಡೆ." ಅವನು ಬ್ರಾಕೆಟ್ಟನ್ನು ಅವಳ ಕಡೆ ತಳ್ಳಿದ. "ಹೊಸದು ಹಾಕಿಸ್ತೀನಿ ಬಿಡು. ಇದನ್ನ ಗುಜರಿಗೆ ಎಸಿ. ಭಾವನಿಗೆ ಹೇಳಿ ಹಳೇ ಹುಣ್ಣು ಕೆರೀಬೇಡ."

"ಎಂಜಲು ತಿನ್ನಿಸಿ ಉಪಕಾರ ಅಂತೀಯಲ್ಲೋ," ಎಂದಳು. ಹುಟ್ಟಿದಾರಭ್ಯ ಅಣ್ಣನನ್ನು ಅವಳು 'ಲೋ' ಎಂದು ಬೈದದ್ದು ಅದೇ ಮೊದಲು. ರಬ್ಬರ್ ಕೈಗವಸು ಕಳಚಿ ಮೇಜಿನ ಮೇಲೆ ಎಸೆದಳು. ಬ್ರಾಕೆಟ್ಟನ್ನು ಚಿಂದಿಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಪೇಂಟರು ಬಣ್ಣದ ಡಬ್ಬಿಯನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ.

ಮನೆಯಲ್ಲಿ ಗಂಡ ಕಿಟಕಿಯ ಪಕ್ಕ ಕುಳಿತು ಎಡಗೈಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಇಷ್ಟು ಬೇಗ ಬಂದವಳನ್ನು ಕಂಡು, "ಹುಷಾರಿಲ್ವಾ?" ಎಂದ.

ಅವಳು ಬ್ರಾಕೆಟ್ಟನ್ನು ಅವನ ಮುಂದಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು. "ನನ್ನಣ್ಣ ರೀ! ಕತ್ತು ಕುಯ್ದುಬಿಟ್ಟ. ಒಂಬತ್ತು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ."

ಗಂಡ ಉಳಿದ ಎರಡು ಬೆರಳಿಂದ ಬಿರುಕನ್ನು ಒಂದು ತೂತಿನಿಂದ ಇನ್ನೊಂದು ತೂತಿನವರೆಗೆ ಸವರಿದ. ಅವನ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಗೆದ್ದ ಸಂತೋಷವೂ ಇರಲಿಲ್ಲ.

"ಅವನು ವ್ಯಾಪಾರ ಮಾಡೋನು, ಮುಚ್ಚಿಟ್ಟ," ಎಂದ. "ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಕಣೇ. ಒಂದೇ ಸಲ ತುಳಿದೆ ಅಂತ ನಾನು ನಿಂಗೆ ಎಷ್ಟು ಸಲ ಹೇಳಿದ್ದೆ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಬ್ಬಿಣ ಹೇಳಿದ್ಮೇಲೆ ನೀನು ನಂಬಿದೆ," ಎಂದು, ಅವನು ದಾರವನ್ನು ಹಲ್ಲಿನಿಂದ ಕಡಿದು, ಎರಡನೇ ಗುಂಡಿಯನ್ನು ಕೈಗೆತ್ತಿಕೊಂಡ.