ಕೆಟ್ಟ ಸುಳಿಯ ಕಾರು

ಗೇರು ಬದಲಿಸುವ ಮುನ್ನ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಟಕ್ ಟಕ್ ಎನ್ನಿಸುವ, ಏರು ಬಂದರೆ ಸ್ಟಿಯರಿಂಗಿನ ಮೇಲೆ ಬಾಗಿ 'ಹೈ, ಹೈ' ಎಂದು ಕಾರನ್ನು ಹುರಿದುಂಬಿಸುವ ಮನುಷ್ಯ ಇಡೀ ಜಯನಗರದಲ್ಲಿ ಯಡಿಯೂರಿನ ಚಿಕ್ಕಬೈರಪ್ಪನವರೊಬ್ಬರೇ. ಪಂಚೆಯ ಮೇಲೆ ಕರಿಕೋಟು, ಕೋಟಿನ ಜೇಬಿನಲ್ಲಿ ತಾವು ಕಟ್ಟಕಡೆಗೆ ಸಾಕಿದ ಎತ್ತಿನ ಮೂಗುದಾರ. ಯೋಚನೆಗೆ ಬಿದ್ದರೆ ಕೈ ಅಲ್ಲಿಗೇ ಹೋಗುತ್ತಿತ್ತು. ಅವರ ರಾಗಿಹೊಲ ಬಡಾವಣೆಯಾಗಿ, ಅಲ್ಲಿ ಎದ್ದ ಮನೆಗಳಲ್ಲೊಂದಕ್ಕೆ ಬಾಡಿಗೆಗೆ ಬಂದ ಮೇಷ್ಟ್ರು ನಾನು. ಆ ಸ್ನೇಹವನ್ನು ನನ್ನ ಪುಣ್ಯವೆಂದೇ ತಿಳಿದಿದ್ದೇನೆ.

ಸಾವಿರದ ಒಂಬೈನೂರ ಅರವತ್ತೊಂದರ ಸುಮಾರಿಗೆ ಅವರು ಕಾರು ಕೊಳ್ಳುವ ಸುದ್ದಿ ಹಬ್ಬಿದಾಗ, ಊರು 'ಅಲ್ಪನಿಗೆ ಐಶ್ವರ್ಯ ಬಂದರೆ' ಎಂದು ಗಾದೆ ಶುರುಮಾಡಿ ಉಳಿದದ್ದನ್ನು ನಗೆಯಲ್ಲಿ ಮುಗಿಸಿತು. ಆ ನಗೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಏಕೆಂದರೆ ಕಾರಣ ನನಗೆ ಗೊತ್ತಿತ್ತು. ಅವರ ಹೆಂಡತಿ ಗೌರಮ್ಮನವರು ಕೊಟ್ಟಿಗೆಯಲ್ಲಿ ಜಾರಿಬಿದ್ದು, ಮಂಡಿ ಮಡಿಸಲಾಗದೆ, ಮನೆಯ ಗೇಟು ದಾಟದೆ ವರ್ಷಗಳಾಗಿದ್ದವು. ವಸಂತಪುರದಲ್ಲಿದ್ದ ಅಕ್ಕ ನಾರಾಯಣಮ್ಮ ಹಾಸಿಗೆ ಹಿಡಿದು, ತಂಗಿಯನ್ನು ಕಾಣಬೇಕೆಂದು ಹೇಳಿಕಳುಹಿಸುತ್ತಲೇ ಇದ್ದರು. ಜಟಕಾ ತರಿಸಿ ಎತ್ತಿ ಕೂರಿಸುತ್ತೇವೆಂದರೆ ಗೌರಮ್ಮ ಒಪ್ಪಲಿಲ್ಲ.

"ನಾಕು ಜನ ಎತ್ಕೊಂಡು ಹೋಗೋದು ಒಂದೇ ಸಲ. ಅಲ್ಲೀಗಂಟ ನನ್ನ ಯಾರೂ ಎತ್ತಬೇಡಿ."

ಆಕೆ ತಾನಾಗಿ ಹತ್ತಿ ಕೂರುವಂಥ ಗಾಡಿಯೊಂದು ಬೇಕಾಗಿತ್ತು. ದಲ್ಲಾಳಿ ಸೀನು ಒಂದು ಭಾನುವಾರ ಎರಡನ್ನು ತಂದು ನಿಲ್ಲಿಸಿದ, ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಎರಡೂ ಬೇರೆಯವರು ಓಡಿಸಿ ಬಿಟ್ಟವು. ಚಿಕ್ಕಬೈರಪ್ಪನವರು ದನದ ಜಾತ್ರೆಯಲ್ಲಿ ನಿಂತವರಂತೆ ಮೊದಲು ಸುಳಿ ನೋಡಿದರು. ಎತ್ತಿನ ಮೈಮೇಲಿನ ಕೂದಲ ಸುಳಿಗಳನ್ನು ನೋಡಿ ಶುಭಾಶುಭ ಹೇಳುವ ಆ ಶಾಸ್ತ್ರದಲ್ಲಿ ಅವರು ಪಾರಂಗತರು. ಅಂಗೈಯಿಂದ ಬಾನೆಟ್ಟು ಸವರಿ, ಎಂಜಿನ್ನಿಗೆ ಕಿವಿಗೊಟ್ಟು ಉಸಿರು ಆಲಿಸಿದರು. ಫಿಯೆಟ್ಟಿನ ಮುಂಬಾಗಿಲ ಬಳಿ ಬಂದವರೇ ಮುಖ ಸಿಂಡರಿಸಿದರು. ಆ ಕಾಲದ ಫಿಯೆಟ್ಟಿನ ಮುಂಬಾಗಿಲು ಲೋಕರೂಢಿಗೆ ವಿರುದ್ಧವಾಗಿ, ಕೀಲು ಹಿಂಬದಿಗಿದ್ದು, ಹಿಂದಕ್ಕೆ ತೆರೆಯುತ್ತಿತ್ತು.

"ಬಾಗ್ಲು ತಿರುಗಾಮುರುಗಾ. ಕೆಟ್ಟ ಸುಳಿ ಮೇಷ್ಟ್ರೇ, ಮನೆಗಾಗಲ್ಲ," ಎಂದರು.

ಆಮೇಲೆ ರಾಗಿಮೂಟೆ ಹೇರಿ, ನೆಂಟರನ್ನೆಲ್ಲ ತುಂಬಿ, ಬನಶಂಕರಿಯ ದಿಣ್ಣೆ ಹತ್ತಿಸಿದರು. ಅಂಬಾಸಿಡರ್ ಹಳ್ಳದಿಣ್ಣೆಗಳನ್ನು ಲೆಕ್ಕಿಸದೆ ಗಂಭೀರವಾಗಿ ಏರಿತು. ಫಿಯೆಟ್ ಹಗುರ, ಚುರುಕು, ಇಕ್ಕಟ್ಟಿನ ಗಲ್ಲಿಯಲ್ಲೂ ಸಲೀಸಾಗಿ ತಿರುಗುವಂಥದು, ಪೆಟ್ರೋಲಿಗೂ ಮಿತಾಹಾರಿ. ಆದರೆ ಜಾಗ ಸಾಲದೆ ಅರ್ಧ ನೆಂಟರು ರಸ್ತೆಯಲ್ಲೇ ಉಳಿದರು. ಸೈಕಲ್ಲೂ ಇಲ್ಲದ ನಾನು ಫಿಯೆಟ್ಟಿನ ಪರ ವಾದಿಸಿ ಸೋತೆ. ದಿನವಿಡೀ ಎಳೆಯುವ ಬಲವನ್ನೇ ಅಳೆದು, ಹತ್ತಿ ಕೂರಬೇಕಾದವರನ್ನು ನಾವಿಬ್ಬರೂ ಮರೆತಿದ್ದೆವು. ಎತ್ತು ಕೊಳ್ಳುವಾಗ ಆ ಪ್ರಶ್ನೆ ಏಳುವುದಿಲ್ಲವಲ್ಲ.

ಸಂಜೆ ಗೌರಮ್ಮನವರು ಕೋಲೂರಿಕೊಂಡು ಗೇಟಿಗೆ ಬಂದರು. ಹೆಂಗಸರು ಹಿಂದೆ ಕೂರುವುದು ವಾಡಿಕೆ. ಅಂಬಾಸಿಡರಿನ ಹಿಂಬಾಗಿಲು ತೆರೆದರು. ತಲೆ ಒಳಗೆ ಹೋಯಿತು, ಕಾಲು ಹೋಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಎತ್ತಲೆಂದು ಚಾಚಿದ ಗಂಡನ ಕೈ ಅರ್ಧದಲ್ಲೇ ನಿಂತು, ಹಿಂತಿರುಗಿ ಜೇಬಿನ ಮೂಗುದಾರವನ್ನು ಹಿಡಿದುಕೊಂಡಿತು. ಆಕೆಯ ಮುಖ ನೋಡಲಾಗದೆ ನಾನು ಬೇರೆಡೆ ತಿರುಗಿದೆ.

ಚಿಕ್ಕಬೈರಪ್ಪನವರು ಹೋಗಿ ಫಿಯೆಟ್ಟಿನ ಆ ಕೆಟ್ಟ ಬಾಗಿಲನ್ನು ತೆರೆದರು. ಮುಂದಿನಿಂದ ಅಡ್ಡವಿಲ್ಲದ ಆ ಎಡೆಗೆ ಗೌರಮ್ಮನವರು ಬೆನ್ನು ಮಾಡಿ, ಮನೆಯ ಜಗಲಿಯ ಮೇಲೆ ಕೂರುವಂತೆಯೇ ಕೂತರು. ಬಳಿಕ ಎರಡು ಕೈಗಳಿಂದ ಕಾಲನ್ನು ಒಂದೊಂದಾಗಿ ಒಳಗೆಳೆದುಕೊಂಡು, ಬಾಗಿಲನ್ನು ತಾವೇ ಮುಚ್ಚಿದರು.

ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂತದ್ದನ್ನು ಯಡಿಯೂರು ಅದುವರೆಗೆ ಕಂಡಿರಲಿಲ್ಲ. ನಕ್ಕವರು ನಕ್ಕರು. ಗೌರಮ್ಮ ಸೆರಗು ಸರಿಮಾಡಿಕೊಂಡು, "ಹೊರಡಿ, ಅಕ್ಕ ಕಾಯ್ತಾ ಇರ್ತಾಳೆ," ಎಂದರು.

"ಸುಳಿ ಏನಾಯ್ತು?" ಎಂದು ನಾನು ಕೆಣಕಿದೆ.

"ಸುಳಿ ಸರಿಯಾಗೇ ಐತೆ. ನಾನು ನಿಂತು ನೋಡ್ದೆ, ಅವ್ಳು ಕುಂತು ನೋಡಿದ್ಲು," ಎಂದು ಟಕ್ ಟಕ್ ಎನ್ನಿಸಿ ಗೇರು ಹಾಕಿದರು.

ಕಾಲದೊಡನೆ ಓಡಲು ತಮ್ಮ ಹಳೆಯ ಶಾಸ್ತ್ರವನ್ನೆಲ್ಲ ಎಸೆದವರನ್ನು ಕಂಡಿದ್ದೇನೆ, ಅದನ್ನೇ ಅಪ್ಪಿಕೊಂಡು ನಿಂತಲ್ಲೇ ನಿಂತವರನ್ನೂ ಕಂಡಿದ್ದೇನೆ. ಚಿಕ್ಕಬೈರಪ್ಪನವರಂಥವರು ಮೂಗುದಾರವನ್ನು ಜೇಬಿನಲ್ಲಿಟ್ಟುಕೊಂಡೇ ಪಕ್ಕದವರಿಗೆ ಬಾಗಿಲು ತೆರೆಯುತ್ತಾರೆ. ಅವರ ಹೊಲದ ಮೇಲೆ ಎದ್ದ ಈ ಊರು ಒಳ್ಳೆಯದಾದೀತೆಂಬ ನನ್ನ ನಂಬಿಕೆ ಅಂಥವರಿಂದಲೇ ಉಳಿದಿದೆ.