ಬಿಳಿ ಕೋಟಿನ ಮೇಲಿನ ಕೆಸರು

ಗೋಲುಕಂಬದ ಪಕ್ಕ ನಿಲ್ಲುವವನಿಗೆ ಬಿಳಿ ಕೋಟು ಬೇಕು. ಮುದುಕ ಫೆಸ್ಟಸ್‌ನ ಕೋಟನ್ನು ಪ್ರತಿ ಪಂದ್ಯಕ್ಕೂ ಒಗೆದು ಇಸ್ತ್ರಿ ಮಾಡಿಕೊಡುವವಳು ಅವನ ಮಗಳು ಅಟ್ರಾಕ್ಟಾ. ಗೇಲಿಕ್ ಫುಟ್ಬಾಲ್ ಎಂಬ ಐರಿಷ್ ಆಟದ ರೆಫರಿಗಳೆಲ್ಲ ಕಂಬ ಕಾಯಲು ತಮ್ಮ ಆಪ್ತರನ್ನೇ ಕಾರಿಗೆ ತುಂಬಿಕೊಂಡು ಹೊರಡುತ್ತಾರೆ. ರೆಫರಿ ಮಲಾಕಿಯ ಕಾರಿನಲ್ಲಿ ಫೆಸ್ಟಸ್‌ಗೆ ಮುಂದಿನ ಸೀಟು. ಆದರೆ ಈ ಸಲದ ಸೆಮಿಫೈನಲ್‌ನಲ್ಲಿ ಅಳಿಯ ಲೋರ್ಕನ್ ಆಡುವವನಿದ್ದ. ಫೆಸ್ಟಸ್ ಹಿಂದೆಮುಂದೆ ನೋಡಿದ.

"ನೆಂಟರಿಲ್ಲದ ಮ್ಯಾಚು ಬೇಕಂದ್ರೆ ಈ ಮೇಯೋ ಜಿಲ್ಲೆ ಬಿಟ್ಟು ಸಮುದ್ರದಲ್ಲಿ ಆಡಿಸ್ಬೇಕು ಕಣಯ್ಯಾ. ಕಾರು ಹತ್ತು," ಎಂದ ಮಲಾಕಿ.

ಪಂದ್ಯ ಸಮಸಮವಾಗಿ ನಡೆಯಿತು. ಕೊನೆಯ ಹೊತ್ತಿನಲ್ಲಿ ಚೆಂಡು ಆ ತುದಿಯಲ್ಲಿತ್ತು, ಜನರ ಕಣ್ಣೂ ರೆಫರಿಯ ಕಣ್ಣೂ ಅಲ್ಲೇ. ಈ ತುದಿಯಲ್ಲಿ ಲೋರ್ಕನ್, ಮಧ್ಯಾಹ್ನದಿಂದ ತನಗೆ ಆಟದಲ್ಲಿ ನೀರು ಕುಡಿಸುತ್ತಿದ್ದ ಎದುರು ತಂಡದ ಕೆಂಗೂದಲ ಹುಡುಗ ನೀಶಾನ ದವಡೆಗೆ ಮೊಣಕೈಯಿಂದ ಬಾರಿಸಿದ. ಹುಡುಗ ಬಿದ್ದ. ಲೋರ್ಕನ್ ತಿರುಗಿ ನೋಡಿದರೆ ಎದುರಿಗೆ, ಕಂಬದ ಪಕ್ಕ, ಮಾವ.

ಮಲಾಕಿ ಏದುಸಿರು ಬಿಡುತ್ತ ಓಡಿಬಂದ. "ನಾನು ನೋಡ್ಲಿಲ್ಲ. ನೀನು ನೋಡಿದ್ಯಾ?"

ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನಬಹುದಿತ್ತು. ಆದರೆ ಸದಾ ಮಳೆ ಸುರಿಯುವ ಮೇಯೋದಲ್ಲಿ ಬಿಸಿಲೆಂದರೆ ಯಾರು ನಂಬುತ್ತಾರೆ? ಹೆಂಡತಿ ಹೋದ ಮೇಲೆ ಫೆಸ್ಟಸ್‌ಗೆ ಇದ್ದದ್ದು ಮಗಳ ಮನೆಯ ಊಟದ ಮೇಜೊಂದೇ. ಅದೂ ಕೈತಪ್ಪಬಹುದಿತ್ತು. ಮಣ್ಣಿನಲ್ಲಿ ಬಾಯಿ ಹಿಡಿದುಕೊಂಡಿದ್ದ ಹುಡುಗನನ್ನು ನೋಡಿದ.

"ನೋಡ್ದೆ. ಮೂರನೇ ನಂಬರು. ಬೇಕಂತ್ಲೇ ಹೊಡ್ದ."

ಕೆಂಪು ಕಾರ್ಡು ಮೇಲೆದ್ದಿತು. ಲೋರ್ಕನ್ ಕೆಸರುಗೈಗಳಿಂದ ಮಾವನ ಕೋಟು ಹಿಡಿದು ಜಗ್ಗಿದ. "ಮನೆಯವರು ಅನ್ನೋದೂ ಬೇಡ್ವಾ ನಿಮಗೆ?"

"ಆ ಹುಡುಗನಿಗೂ ಮನೆ ಇದೆ ಕಣೋ."

ಲೋರ್ಕನ್‌ನ ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತು. ಅಟ್ರಾಕ್ಟಾ ಬೇಲಿ ದಾಟಿ ಬಂದು, "ಕೋಟು ಕೊಡಿ ಅಪ್ಪಾ," ಎಂದಷ್ಟೇ ಹೇಳಿ ತೆಗೆದುಕೊಂಡು ಹೋದಳು. ವಾರವಿಡೀ ಸುದ್ದಿಯಿಲ್ಲ. ಫೆಸ್ಟಸ್ ಒಬ್ಬನೇ ಆಲೂಗಡ್ಡೆ ಬೇಯಿಸಿಕೊಂಡು ತಿಂದ.

ಶನಿವಾರ ಮಧ್ಯಾಹ್ನ, ಕೋಟು ಕೇಳುವ ನೆವದಲ್ಲಿ ಮಗಳ ಮನೆಯ ಹಿತ್ತಿಲ ಬಾಗಿಲು ತಟ್ಟಿದ. ಅಡುಗೆಮನೆಯಲ್ಲಿ ಲೋರ್ಕನ್ ನಿಂತು ಇಸ್ತ್ರಿ ಮಾಡುತ್ತಿದ್ದ.

"ಕೊಳೆ ಮಾಡ್ದೋನೇ ತೊಳೀಬೇಕಂತೆ," ಎಂದ ತಲೆಯೆತ್ತದೆ. "ಎಷ್ಟು ಉಜ್ಜಿದ್ರೂ ಹೋಗಲ್ಲ, ಮಾವ. ನಿಮ್ಮ ಮಗಳು ನನ್ನನ್ನ ಆ ಹುಡುಗನ ಮನೆಗೂ ಕಳಿಸಿದ್ಲು. ದವಡೆ ಮುರಿದಿಲ್ಲ, ಪುಣ್ಯ. ಅವನಮ್ಮ ಚಹಾ ಕೊಟ್ರು."

"ಮತ್ತೆ?"

"ಬರೀ ಚಹಾ. ಬಿಸ್ಕತ್ತು ಕೊಡ್ಲಿಲ್ಲ."

ಫೆಸ್ಟಸ್‌ಗೆ ಅಳಿಯನನ್ನು ಕಂಡು ಅಯ್ಯೋ ಎನಿಸಿತು. ಎದೆಯ ಮೇಲೆ ಎರಡು ಕೈಗಳ ಮಸುಕು ಗುರುತಿದ್ದ ಕೋಟನ್ನು ಅಲ್ಲೇ ತೊಟ್ಟುಕೊಂಡು, ಚೆನ್ನಾಗಿದೆ ಎಂದ.

"ನಿಂತೇ ಇರ್ತೀರಾ, ಕೂತ್ಕೊಳ್ಳಿ," ಎಂದು ಗದರಿಸುತ್ತ ಅಟ್ರಾಕ್ಟಾ ಅಪ್ಪನ ಮುಂದೆ ಚಹಾ ಇಟ್ಟಳು. ಆಮೇಲೆ ಬಿಸ್ಕತ್ತಿನ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಅಪ್ಪನ ಕೈಗೇ ಕೊಟ್ಟಳು.